ಗೆರೆಯೊಳಗೆ ಬಂದ ಹನ್ನೊಂದು ಮನೆ

ಪಾಳಿ ಮುಗಿಸಿ ಕಾಲು ಸೋತ ನರ್ಸ್ ಬಸ್ಸಿನ ಸಾಲಿನಲ್ಲಿ ನಿಂತಿದ್ದಳು. ಮುಂದೆ ನಿಂತ ಅಕ್ಕ ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ವಿಮಾನದಿಂದ ತೆಗೆದ ಫೋಟೋನ ಯಾಕೆ ತಿದ್ದೋಕೆ ಹೋದೆ?” ಎಂದ ತಮ್ಮ.

“ಅದರಲ್ಲಿ ಇಳಿಜಾರಿನ ಮನೆಗಳು ಪಕ್ಕಕ್ಕೆ ಸರಿದಂತೆ ಕಾಣ್ತವೆ. ಎರಡು ಕಡೆಯಿಂದ ತೆಗೆದ ಜೋಡಿ ಫೋಟೋದಿಂದ ಎತ್ತರ ಅಳೆದು, ಅವನ್ನ ನಿಜವಾದ ಜಾಗಕ್ಕೆ ತರೋದೇ ನನ್ನ ಕೆಲಸ.”

“ತಂದ್ಯಲ್ಲ, ಮತ್ತೇನು?”

“ಹನ್ನೊಂದು ಮನೆ ಹೊಸ ಅಣೆಕಟ್ಟಿನ ನೀರು ನಿಲ್ಲೋ ಗೆರೆಯೊಳಗೆ ಬಂದ್ವು. ಸಾಹೇಬ್ರು ಹಳೇ ಫೋಟೋನೇ ಇರಲಿ ಅಂತಾರೆ.”

“ಆ ಮನೆಯವರಿಗೆ ಗೊತ್ತಾ?”

“ನಾಳೆ ಸಭೆಗೆ ಬರ್ತಾರೆ. ಕಣಿವೆ ಮೇಲೆ ಹಾರಿದಂತೆ ಕಾಣೋ ವಿಡಿಯೋ ಮಾಡಿದ್ದೆ. ಅದರಲ್ಲಿ ನೀರು ಕಿಟಕಿ ಮುಟ್ಟುತ್ತೆ. ಸಾಹೇಬ್ರು, ‘ಜನ ಹೆದರ್ತಾರೆ, ನೀರಿಗೆ ಹುಲ್ಲಿನ ಬಣ್ಣ ಹಾಕಮ್ಮ’ ಅಂದ್ರು.”

“ಹಾಕಿದ್ಯಾ?”

“ಹಾಕ್ದೆ. ಮೂರು ದಿನ ಕೋಣನ ಮುಂದೆ ಕಿನ್ನರಿ ಬಾರಿಸಿ ಸಾಕಾಯ್ತು.”

“ನಮ್ಮನೆ ಎಲ್ಲಿದೆ ತೋರಿಸಮ್ಮ ಅಂತ ಯಾರಾದ್ರೂ ಕೇಳಿದ್ರೆ?”

ಅಕ್ಕ ಸಾಲಿನಿಂದ ಈಚೆ ಬಂದಳು. ಬಸ್ಸು ಬಂತು.

“ನೀನು ಹತ್ತು. ನಂಗೆ ತಡ ಆಗುತ್ತೆ ಅಂತ ಅಮ್ಮಂಗೆ ಹೇಳು,” ಎಂದವಳು ಚೀಲ ಹೆಗಲಿಗೇರಿಸಿ, ಬಂದ ದಾರಿಯಲ್ಲೇ ಆಫೀಸಿನ ಕಡೆಗೆ ಬಿರಬಿರನೆ ನಡೆದಳು.

ನರ್ಸ್ ಒಂದು ಹೆಜ್ಜೆ ಮುಂದೆ ಸರಿದಳು.