ಅಮೀರಬಿ ನುಂಗಿದ ಹೆಸರು

...ಅಲ್ಲಬೇ ಅಮೀರಬಿ, ಆಗಿಂದ ನಾ ಒಬ್ಬಾಕಿನ ಒದರಾಕತ್ತೇನಿ, ನೀ ನೋಡಿದ್ರ ಮಗ್ಗಾ ಬಡದದ್ದ ಬಡದದ್ದು! ಜಮಖಾನಿ ಏನ್ ಓಡಿ ಹೊಕ್ಕೈತೇನ? ಏಳು, ಹೋಗೂಣು. ಓಣಿ ಮಂದಿ ಎಲ್ಲಾ ನಮ್ಮ ಪಡಸಾಲ್ಯಾಗ ಕುಂತೈತಿ. ಟೀವಿಯೊಳಗ ಆ ಬಾಂಬಿನ ಧಾರಾವಾಹಿ ಇವತ್ತ ಮುಗೀತೈತಿ. ಈ ಕಸ್ತೂರೆವ್ವ ತಾನಾಗಿ ನಿನ್ನ ಬಾಗಲಿಗೆ ಬಂದಾಳ, ಅದಕ್ಕರ ಒಂದೀಟು ಬೆಲಿ ಕೊಡು!

ನೀ ಇಲ್ಲದ ನಮಗೇನ ತಿಳೀತೈತವಾ? ಹಿಂದಿ ಯಾರಿಗೆ ಬರ್ತೈತಿ? ನಮ್ಮನಿಯವರು ಟೀವಿ ತಂದ್ರು ಖರೆ, ಅದರ ಕಥಿ ಕನ್ನಡದಾಗ ಬಿಡಿಸಿ ಹೇಳಾಕಿ ನೀನು. ಹೋದ ವಾರ ನಡುವ ಎದ್ದು ಬಂದುಬಿಟ್ಟಿ... ಆ ಪೊಲೀಸ ಸಾಹೇಬ ಬ್ರಿಜ್ಜಿನ ಕೆಳಗ ಬಾಂಬ್ ಹುಡುಕಾಕತ್ತಿದ್ದ, ಅತ್ತಾಗ ರೈಲು ಬರಾಕತ್ತಿತ್ತು... ಆಮ್ಯಾಲ ನಾವು ಬರೇ ಬಾಯಿ ಅಲ್ಲಾಡೂದು ನೋಡಿದ್ವಿ, ಅಷ್ಟ. ಯಾಕ ನಗತಿ?

ನಗೂದಲ್ಲೇನದು? ಯವ್ವಾ, ಅಳಬ್ಯಾಡಬೇ...

ಆ ಮಾತು ನಿನಗ ಚುಚ್ಚೈತಿ, ನನಗ ಗೊತ್ತೈತಿ. ಆ ಬಾಂಬ್ ಇಡಾಂವಗ ನಿನ್ನ ಮಗನ ಹೆಸರ ಇಟ್ಟಾರ, ನಿಜಾಮ ಅಂತ. ನೀ ಪ್ರತಿ ಸಲ ಹೆಸರು ನುಂಗಿ ‘ಆ ಕಳ್ಳ’ ಅಂತಿದ್ದಿ. ಹಡದಾಕಿ ಹೆಂಗ ಅಂದಾಳು? ನಿಮ್ಮ ನಿಜಾಮ ನನ್ನ ತೊಡಿಮ್ಯಾಲ ಆಡಿ ದೊಡ್ಡಾದಾಂವ! ನಾನೂ ನಮ್ಮನಿಯವರ ಹೆಸರು ಬಾಯಾಗ ತರೂದಿಲ್ಲ, ಯಾಕ ಅಂತ ನನಗ ಯಾರರ ಕೇಳ್ಯಾರೇನ? ಆದ್ರ ಅವತ್ತ ಯಾವಾಕಿನೋ ಅಂದುಬಿಟ್ಲು, ‘ಹೆಸರ್ಯಾಕ ನುಂಗತಿ, ನಿಮ್ಮಾಂವ ಅಂತೇನ?’ ಮಂದಿ ನಕ್ಕಿತು...

ಯಾರಂದ್ರು ಅಂತ ನನಗೇನ ಗೊತ್ತು! ಚಿತ್ರ ಚಂದ ಕಾಣ್ಲಿ ಅಂತ ಕಿಡಕಿ, ಬಾಗಲಾ ಎಲ್ಲಾ ಹಾಕಿದ್ವಿ, ಒಬ್ಬರ ಮಾರಿ ಒಬ್ಬರಿಗೆ ಕಾಣತಿದ್ದಿಲ್ಲ. ಸಾವಿತ್ರೆವ್ವನ ಇರಬೇಕು, ಆಕಿ ನಾಲಿಗಿ ಉದ್ದ...

ಯಾಕ, ಮಗ್ಗಾ ಯಾಕ ನಿಂತಿತು?

ಹಂಗ್ಯಾಕ ನೋಡ್ತಿ ಅಮೀರಬಿ? ಏನರ ಅನ್ನು... ಬೈಯರ ಬೈಯಿ! ಇಷ್ಟು ವರ್ಷ ಗ್ವಾಡಿಗೆ ಗ್ವಾಡಿ ಹಚ್ಚಿ ಬಾಳೇವಿ. ಇತ್ತಾಗ ನಾ ಕೆಮ್ಮಿದ್ರ ಅತ್ತಾಗ ನೀ ಕಷಾಯಕ್ಕ ನೀರಿಡಾಕಿ...

ಹೌದಬೇ. ಕತ್ತಲದಾಗಾದ್ರೂ ನನ್ನ ದನಿ ನಿನಗ ಗುರ್ತ ಸಿಗದ ಇರತೈತೇನ?