ಏಳನೆಯ ಕಚ್ಚು

ದೀಪ ಸ್ವಲ್ಪ ತಗ್ಗಿಸಿ. ಇದನ್ನು ಜೋರಾಗಿ ಹೇಳೋಕೆ ಆಗಲ್ಲ...

ನಮ್ಮ ದೊಡ್ಡಪ್ಪನ ಮಗಳಿಗೆ ಆದದ್ದು. ಪೇಟೆಯ ಮೂಲೆಯಲ್ಲಿ ಬೀಗ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾಳಲ್ಲ, ಅವಳಿಗೆ. ಎಲ್ಲರೂ ಅವಳನ್ನು ಬೀಗದಕ್ಕ ಅಂತಲೇ ಕರೆಯೋದು.

ಆ ರಾತ್ರಿ ಅಂಗಡಿ ಮುಚ್ಚಿದಾಗ ಹತ್ತು ದಾಟಿತ್ತು. ಸಲಕರಣೆ ಚೀಲ ಹೆಗಲಿಗೆ ಹಾಕಿಕೊಂಡು ಹಳೇ ಬಾವಿಯ ಓಣಿಗೆ ತಿರುಗಿದಳು. ಬಾವಿಗೆ ತಗಡಿನ ಮುಚ್ಚಳ. ಗಾಳಿ ಒಂದು ಎಳೆಯೂ ಇರಲಿಲ್ಲ. ಅವಳು ದಾಟುವ ಹೊತ್ತಿಗೆ ಸರಿಯಾಗಿ ಮುಚ್ಚಳ ಒಂದೇ ಸಲ 'ಟಣ್' ಎಂದಿತು...

"ಇಲಿ" ಅಂದಳು, ತನಗೇ. ಹೆಜ್ಜೆ ಮಾತ್ರ ಸ್ವಲ್ಪ ಬೇಗ ಬಿತ್ತು.

ಹೋಗುತ್ತಿದ್ದದ್ದು ಅಪ್ಪನ ಮನೆಗೆ. ಇಪ್ಪತ್ತು ವರ್ಷ ಆಗಿತ್ತು ಆ ಹೊಸ್ತಿಲು ತುಳಿದು. ಅಪ್ಪ ತೀರಿಕೊಂಡು ಮೂರು ತಿಂಗಳು.

ಬೆಳಿಗ್ಗೆ ಅಣ್ಣ ಅಂಗಡಿಗೆ ಬಂದಿದ್ದ.

"ಮನೆ ಮಾರಿ ಆಯ್ತು ಕಣೆ. ನಾಳೆ ಖಾಲಿ ಮಾಡಿ ಕೊಡ್ಬೇಕು. ಅಪ್ಪನ ಕೆಲಸದ ಕೋಣೆ ಬಾಗಿಲೇ ತೆಗೀತಾ ಇಲ್ಲ. ಕೀ ಎಲ್ಲಿಟ್ಟು ಹೋದರೋ! ಬೇರೆ ಯಾವುದೋ ಹಾಕಿ ತಿರುವಿದೆ, ಮೂತಿ ಮುರಿದು ಒಳಗೇ ಕೂತಿದೆ."

"ಎಣ್ಣೆ ಗಿಣ್ಣೆ ಹಾಕಿದ್ಯಾ?"

"ಅರ್ಧ ಸೀಸೆ. ನಿನ್ನತ್ತಿಗೆ ತಲೆಗೆ ಹಚ್ಚೋದು."

"ಹಾಗಾದ್ರೆ ಬೀಗಕ್ಕೆ ಜಡೆ ಹಾಕೋದೊಂದೇ ಬಾಕಿ."

ಅಣ್ಣ ನಗಲಿಲ್ಲ. "ನಾಳೆ ಬೆಳಿಗ್ಗೆ ಕೊಡಲಿ ಹಾಕಿಸ್ತೀನಿ. ಒಳಗಿರೋದೆಲ್ಲ ಗುಜರಿಗೆ. ಬಾಗಿಲಿಗೆ ಪೆಟ್ಟಾಗದ ಹಾಗೆ ರಾತ್ರಿಯೊಳಗೆ ತೆಗೆದರೆ ಅಪ್ಪನ ಹತ್ಯಾರೆಲ್ಲ ನಿಂದೇ. ಬೇಕಾ?"

ಬೇಕಾ ಅಂತೆ! ಆ ಹತ್ಯಾರ ಮುಟ್ಟಬೇಕು ಅಂತಲೇ ಅವಳ ಅರ್ಧ ಬಾಲ್ಯ ಕಳೆದಿತ್ತು. ಅಪ್ಪ ಬೀಗದ ಕೆಲಸದಲ್ಲಿ ಎತ್ತಿದ ಕೈ. ಕಲಿಸಲು ಕೂರಿಸಿದ್ದು ಅಣ್ಣನನ್ನು. ಅವನು ತೂಕಡಿಸುತ್ತಿದ್ದ, ಇವಳು ಕಿಟಕಿಯ ಹೊರಗೆ ನಿಂತು ಕಲಿತಳು. ಹದಿನಾಲ್ಕು ವರ್ಷಕ್ಕೆ ಆ ಕೋಣೆಯ ಬಾಗಿಲಿಗೇ ಒಂದು ಬೀಗದಕೈ ಕೊರೆದು ತಂದುಕೊಟ್ಟಳು. ಅಪ್ಪ ಹಾಕಿ ತಿರುಗಿಸಿದರು. ಅರ್ಧ ತಿರುಗಿ ನಿಂತಿತು. ತೆಗೆದು ಅವಳ ಕಾಲ ಬಳಿ ಎಸೆದರು.

"ಸಾಲದು."

ಏನು ಸಾಲದು? ಹೇಳಲಿಲ್ಲ. ಮುಂದೆ ಅವಳು ಸ್ವಂತ ಅಂಗಡಿ ಹಾಕಿದಾಗಲೂ ಒಂದು ದಿನ ಬಂದು ನೋಡಲಿಲ್ಲ.

ಆ ರಾತ್ರಿ ಅಪ್ಪನ ಮನೆಯ ಮುಂಬಾಗಿಲು ತೆರೆದದ್ದು ಅತ್ತಿಗೆ. ಒಳಗೆ ಅಣ್ಣನ ಗೊರಕೆ ಏರಿ ಇಳಿಯುತ್ತಿತ್ತು. ಇಬ್ಬರೂ ಹಿತ್ತಲ ಕಡೆಯ ಕೋಣೆಗೆ ನಡೆದರು. ಹಳೇ ಕಾಲದ ದಪ್ಪ ಹಲಗೆಯ ಬಾಗಿಲು. ಎರಡು ಕಬ್ಬಿಣದ ಪಟ್ಟಿ. ನಡುವೆ ಹಿತ್ತಾಳೆಯ ಬಿಲ್ಲೆ, ಅದರಲ್ಲಿ ಬೀಗದ ಕಣ್ಣು.

"ಟಾರ್ಚ್ ಅಲ್ಲಾಡಿಸಬೇಡಿ ಅತ್ತಿಗೆ."

"ನಾನೆಲ್ಲಿ ಅಲ್ಲಾಡಿಸ್ತಿದೀನಿ? ಕೈಯೇ ಅಲ್ಲಾಡ್ತಿದೆ."

ಬೀಗದಕ್ಕ ಮಂಡಿಯೂರಿದಳು. ಗರಗಸದ ಚೂರಿನಿಂದ ಮಾಡಿದ ಕೊಕ್ಕೆ ಒಳಗೆ ತೂರಿಸಿ ಎಳೆದಳು. 'ಕ್ರಿಚ್...' ಮುರಿದ ಮೂತಿ ಹೊರಗೆ ಬಂತು. ಸೀಮೆಎಣ್ಣೆ ಬಿಟ್ಟು ಜಿಡ್ಡು ತೊಳೆದಳು. ಆಮೇಲೆ ಇನ್ನೂ ಕೊರೆಯದ ಹಿತ್ತಾಳೆ ಬೀಗದಕೈಯನ್ನು ಮೇಣದಬತ್ತಿಯ ಮೇಲೆ ಹಿಡಿದು ಕಪ್ಪಗೆ ಮಸಿ ಹಿಡಿಸಿದಳು. ಒಳಗೆ ಹಾಕಿ ಒತ್ತಿ ತೆಗೆದರೆ, ಬೀಗ ಎಲ್ಲಿ ತಡೆಯುತ್ತದೋ ಅಲ್ಲಿ ಮಸಿ ಉಜ್ಜಿ ಹೋಗಿ ಹಿತ್ತಾಳೆ ಹೊಳೆಯುತ್ತದೆ. ಹೊಳೆದಲ್ಲಿ ಅರದಿಂದ ಉಜ್ಜಿ ಒಂದು ಕಚ್ಚು. ಮತ್ತೆ ಮಸಿ, ಮತ್ತೆ ಕಚ್ಚು.

ಗರ್... ಗರ್... ಗರ್...

ಒಂದು. ಎರಡು. ಆರನೆಯ ಕಚ್ಚು ಮುಗಿಯುವಷ್ಟರಲ್ಲಿ ರಾತ್ರಿ ಒಂದು ಗಂಟೆಯಾಗಿತ್ತು. ತಿರುಗಿಸಿದಳು. ಅರ್ಧ ತಿರುಗಿ ನಿಂತಿತು. ಹದಿನಾಲ್ಕನೇ ವಯಸ್ಸಿನಲ್ಲಿ ನಿಂತಿತ್ತಲ್ಲ, ಅಲ್ಲೇ.

ಮಸಿ ಹಿಡಿಸಿ ಮತ್ತೆ ಹಾಕಿ ತೆಗೆದಳು. ಮೇಣದಬತ್ತಿಗೆ ಹಿಡಿದು ನೋಡಿದಳು... ಎಲ್ಲೂ ಹೊಳಪಿಲ್ಲ. ತುದಿಯಲ್ಲಿ ಮಾತ್ರ, ಬೀಗದ ಒಳಗಿದ್ದ ತುದಿಯಲ್ಲಿ, ಮಸಿಯ ಮೇಲೆ ಒಂದು ಹೆಬ್ಬೆಟ್ಟಿನ ಗುರುತು. ಅದರ ಅಡ್ಡಕ್ಕೆ ಓರೆಯಾಗಿ ಒಂದು ಗೆರೆ.

ಅಪ್ಪನ ಹೆಬ್ಬೆಟ್ಟಿಗೆ ಉಳಿ ತಾಗಿದ ಗಾಯ ಓರೆಯಾಗಿತ್ತು.

ತನ್ನ ಎರಡೂ ಹೆಬ್ಬೆಟ್ಟು ನೋಡಿಕೊಂಡಳು. ಮಸಿ ಇರಲಿಲ್ಲ.

"ಏನೇ ಅದು?"

"ಏನಿಲ್ಲ. ಟಾರ್ಚ್ ಹಿಡೀರಿ."

ಇನ್ನೊಬ್ಬಳಾಗಿದ್ದರೆ ಚೀಲ ಎತ್ತಿಕೊಂಡು ಓಡುತ್ತಿದ್ದಳು. ಇವಳು ಮತ್ತೆ ಮಸಿ ಹಿಡಿಸಿದಳು, ಮತ್ತೆ ಹಾಕಿದಳು. ಬಗ್ಗಿದ ಮುಖಕ್ಕೆ ಬೀಗದ ಕಣ್ಣಿನಿಂದ ತಣ್ಣನೆಯ ಉಸಿರು ಬಡಿಯಿತು. ಅದರ ಹಿಂದೆಯೇ, ತುಂಬಾ ಮೆಲ್ಲಗೆ...

"ಸಾಲದು..."

ಅವಳು ಬಾಗಿಲಿಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದಳು, "ಏನು ಸಾಲದು? ಅವತ್ತೂ ಹೇಳಲಿಲ್ಲ. ಇವತ್ತಾದರೂ ಹೇಳಿ."

ಬೀಗದಕೈ ಒಳಗಿನಿಂದ ಬಿಗಿಯಿತು. ಎಳೆದಳು, ಬರಲಿಲ್ಲ. ಕಾಲನ್ನು ಬಾಗಿಲಿಗೆ ಒತ್ತುಕೊಟ್ಟು ಎಳೆದಳು. ಆ ಕಡೆ ಯಾರೋ ಇಕ್ಕಳದಲ್ಲಿ ಕಚ್ಚಿ ಹಿಡಿದಂತೆ... ಕೊನೆಗೆ ಕೈಬಿಟ್ಟು ಕೂತಳು.

ಗರ್... ಗರ್... ಗರ್...

ಅತ್ತಿಗೆ ಆಕಳಿಸಿದಳು. "ಸಾಕು ಬಿಡೇ ಉಜ್ಜಿದ್ದು. ಹಲ್ಲೆಲ್ಲ ಜುಂ ಅಂತಿದೆ. ನಿನ್ನಣ್ಣ ಎದ್ದರೆ ನನ್ನ ಕತೆ ಮುಗೀತು."

"ಅತ್ತಿಗೆ... ನನ್ನ ಅರ ಎಲ್ಲಿದೆ ನೋಡಿ."

ಟಾರ್ಚಿನ ಬೆಳಕು ಕೆಳಗಿಳಿಯಿತು. ಅರ ಬೀಗದಕ್ಕನ ಮಡಿಲಲ್ಲಿತ್ತು. ಎರಡೂ ಕೈ ಮಂಡಿಯ ಮೇಲಿದ್ದವು.

ಗರ್... ಗರ್...

ಬೆಳಕು ನಿಧಾನವಾಗಿ ಬಾಗಿಲಿಗೆ ಏರಿತು. ಬೀಗದಕೈಯ ಹಿಡಿ ನಡುಗುತ್ತಿತ್ತು, ಸಣ್ಣಗೆ, ಆ ಸದ್ದಿನ ಲಯಕ್ಕೆ. ಅತ್ತಿಗೆ ಬಾಯಿಗೆ ಸೆರಗು ತುರುಕಿಕೊಂಡಳು.

ಸದ್ದು ನಿಂತಿತು.

ಆಮೇಲೆ ಒಂದೇ ಒಂದು ಸಲ, 'ಫೂ...' ಉಜ್ಜಿದ ಪುಡಿಯನ್ನು ಊದುವ ಸದ್ದು. ಆ ಮನೆಯಲ್ಲಿ ಬೆಳೆದವಳಿಗೆ ಅದು ಯಾರದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬೀಗದಕ್ಕ ತುಂಬಾ ಹೊತ್ತು ಕಾದಳು. ಏನೂ ಕೇಳಿಸಲಿಲ್ಲ. ಅಣ್ಣನ ಗೊರಕೆಯೂ ಆ ಹೊತ್ತಿಗೆ ನಿಂತಿತ್ತಂತೆ. ಕೈ ಚಾಚಿದಳು. ಬೀಗದಕೈ ಸಡಿಲವಾಗಿತ್ತು.

ಕಟಕ್.

ಇನ್ನೊಂದು ಸುತ್ತು. ಕಟಕ್.

ಬಾಗಿಲು ತಾನಾಗಿ ಒಂದು ಗೇಣು ಒಳಕ್ಕೆ ಸರಿಯಿತು.

ಒಳಗೆ ಯಾರೂ ಇರಲಿಲ್ಲ. ಕಿಟಕಿಗೆ ಸರಳು, ಚಿಲಕ ಹಾಕಿದ್ದು ಹಾಕಿದಂತೆಯೇ. ನೆಲದ ತುಂಬ ಮೂರು ತಿಂಗಳ ಧೂಳು, ಹಾಸಿದ ಬಟ್ಟೆಯ ಹಾಗೆ. ಒಂದು ಹೆಜ್ಜೆ ಗುರುತಿಲ್ಲ. ಗೋಡೆಯಲ್ಲಿ ಹತ್ಯಾರ ಸಾಲಾಗಿ ತೂಗುತ್ತಿದ್ದವು. ಒಂದು ಮೊಳೆ ಮಾತ್ರ ಖಾಲಿ. ಅಪ್ಪ ಸ್ವಂತ ಕೈಯಿಂದ ಮಾಡಿಕೊಂಡ, ಮಕ್ಕಳಿಗೆ ಮುಟ್ಟಲೂ ಬಿಡದಿದ್ದ ಸಣ್ಣ ಮೂರು ಮೂಲೆಯ ಅರ ತೂಗುತ್ತಿದ್ದ ಮೊಳೆ.

ಅದು ಬಾಗಿಲ ಒಳಮಗ್ಗುಲಲ್ಲಿ, ಬೀಗದ ಕಣ್ಣಿನ ನೇರ ಕೆಳಗೆ ಬಿದ್ದಿತ್ತು. ಅದರ ಸುತ್ತ, ಧೂಳಿನ ಮೇಲೆ, ಒಂದು ಚಿಟಿಕೆ ಹಿತ್ತಾಳೆ ಪುಡಿ. ಹೊಸದು. ಟಾರ್ಚಿಗೆ ಮಿನುಗುತ್ತಿತ್ತು.

ಬೆಳಗಾದ ಮೇಲೆ ಅಣ್ಣ ಕೊಟ್ಟ ಮಾತು ಉಳಿಸಿಕೊಂಡ. ಹತ್ಯಾರೆಲ್ಲ ಕೈಗಾಡಿಯಲ್ಲಿ ಅವಳ ಅಂಗಡಿಗೆ ಬಂದವು. ಆ ಬೀಗದಕೈಯೂ ಅಲ್ಲೇ ನೇತಾಡುತ್ತಿದೆ. ಮಾರಲ್ಲ, ಯಾರಿಗೂ ಕೊಡಲ್ಲ. ನಂಬದಿದ್ದರೆ ಹೋಗಿ ಎಣಿಸಿ ನೋಡಿ, ನಾನು ಬೆರಳಿಟ್ಟು ಎಣಿಸಿದ್ದೇನೆ. ಆರು ಕಚ್ಚು ಅವಳದು, ಸ್ವಲ್ಪ ಒರಟು. ಏಳನೆಯದರ ಮೇಲೆ ಉಗುರು ಜಾರುತ್ತದೆ, ಅಷ್ಟು ನಯ.

ಅತ್ತಿಗೆ ಇವತ್ತಿಗೂ ದೆವ್ವ ಗಿವ್ವ ಎಂಬ ಮಾತು ಎತ್ತಲ್ಲ. ಆ ಅರವನ್ನು ಧೂಳಿನಿಂದ ಎತ್ತಿದ್ದು ಅವಳು. ಕೇಳಿದರೆ ಒಂದೇ ಮಾತು ಹೇಳುತ್ತಾಳೆ.

"ಬಿಸಿಯಾಗಿತ್ತು."