ಅಳಿಸಿಹೋದ ಎಚ್ಚರಿಕೆ

ಬೊಲಿವಿಯಾದ ಕೊಚಬಾಂಬಾ ಊರಿನಲ್ಲಿ, ಸಾಲ್ತೇನ್ಯಾ ಎಂಬ ಮಾಂಸದ ಕಡುಬು ಮಾರುವ ಗಾಡಿಯ ಮುಂದಿನ ಸಾಲಿನಲ್ಲಿ ನಿಂತಿದ್ದ ಹೆರ್ಮಿನಿಯಾಳಿಗೆ, ಎದುರಿಗಿದ್ದ ಇಬ್ಬರ ಜಗಳ ಕೇಳಿಸಿತು. ಇಬ್ಬರೂ ಆಸ್ಪತ್ರೆಯ ಆ್ಯಪ್ ಮಾಡುವವರು.

"ಆ ಅಜ್ಜಿಗೆ ಪೆನಿಸಿಲಿನ್ ಆಗಲ್ಲ ಅಂತ ನರ್ಸ್ ಬರೆದಿದ್ಲಲ್ಲೋ ವಿಲ್ದೆರ್, ಎಲ್ಲಿ ಹೋಯ್ತು?"

"ಅದೇ ಹೊತ್ತಿಗೆ ಕೌಂಟರಿನವರು ನರ್ಸ್ ಬರೆಯೋಕೆ ಮುಂಚಿನ ಅಜ್ಜಿಯ ಹಳೇ ಪುಟ ತೆರೆದಿಟ್ಕೊಂಡು, ಫೋನ್ ನಂಬರ್ ತಿದ್ದಿ ಸೇವ್ ಮಾಡಿದ್ರು, ಯೋವಾನಕ್ಕಾ."

"ಆ ಹಳೇ ಪುಟಾನೇ ಇಡಿಯಾಗಿ ಮೇಲೆ ಬರೆದುಬಿಡ್ತಾ? ನಡುವೆ ಯಾರಾದ್ರೂ ತಿದ್ದಿದ್ದಾರಾ ಅಂತ ನೋಡೋದು ಬೇಡ್ವಾ?"

"ನಾನು ಪರೀಕ್ಷೆ ಮಾಡಿದಾಗ ಸರಿಯಾಗೇ ಇತ್ತು."

"ನೀನೊಬ್ನೇ ಕೂತು ಪರೀಕ್ಷೆ ಮಾಡಿದ್ರೆ ಸರಿಯಾಗಿರದೆ ಇನ್ನೇನು! ಪುಣ್ಯಕ್ಕೆ ಅಜ್ಜಿ ತಾನೇ ಕೂಗಿ ಸೂಜಿ ತಡೆದ್ಲು."

"ಒಂದೇ ಸಲ ಆಗಿದ್ದಕ್ಕೆ ಇಷ್ಟು ಸಿಟ್ಟಾ?"

"ಅಜ್ಜಿಗೆ ಎಚ್ಚರ ಇತ್ತು, ಅದಕ್ಕೆ ಗೊತ್ತಾಯ್ತು. ಎಚ್ಚರ ತಪ್ಪಿ ಮಲಗಿರೋರು ಎಷ್ಟು ಜನ ಕಣೋ ಅಲ್ಲಿ?"

ಗಾಡಿಯವಳು ಬಿಸಿ ಸಾಲ್ತೇನ್ಯಾ ಚಾಚಿದಳು. ತೆಗೆದುಕೊಳ್ಳದೆ ಇಬ್ಬರೂ ಆಸ್ಪತ್ರೆಯತ್ತ ಓಡಿದರು.